ಮಕ್ಕಳಿಗೆ ಚಿಕ್ಕದಾದ ಡ್ಯಾನ್ಸ್ ಡ್ರೆಸ್: ಹಾಳಾಗುವ ಮೊದಲು ಏನೇನು ಮಾಡಬೇಕು

ಡ್ಯಾನ್ಸ್ ಕಲಿಯುವ ಮಕ್ಕಳಿರುವ ಮನೆಗಳಿಂದ ಒಂದೇ ಬಗೆಯ ದೂರು ಮತ್ತೆ ಮತ್ತೆ ಕೇಳಿಬರುತ್ತದೆ. ಕಾರ್ಯಕ್ರಮ ಮುಗಿದ ರಾತ್ರಿ ಡ್ರೆಸ್ಸನ್ನು ಪ್ಲಾಸ್ಟಿಕ್ ಕವರಿಗೆ ತುರುಕಿ ಕಪಾಟಿನ ಮೇಲೆ ಹಾಕಿರುತ್ತಾರೆ. ಯಾರಿಗಾದರೂ ಕೊಡೋಣ ಎಂದು ಎರಡು ವರ್ಷ ಬಿಟ್ಟು ತೆಗೆದರೆ ಜರಿ ಕಪ್ಪಾಗಿರುತ್ತದೆ. ಕಂಕುಳ ಹತ್ತಿರ ಹಳದಿ ಕಲೆ ಕೂತಿರುತ್ತದೆ. ಸೊಂಟದ ಪಟ್ಟಿ ಎಲ್ಲಿದೆ ಎಂದು ಯಾರಿಗೂ ಗೊತ್ತಿಲ್ಲ. ತಗೊಳ್ಳುವವರಿಗೂ ಬೇಡ, ಎಸೆಯಲು ನಮಗೂ ಮನಸ್ಸು ಬರುವುದಿಲ್ಲ.

ಹೀಗಾಗುವುದಕ್ಕೆ ಹೆಚ್ಚಿನ ಸಲ ಕೆಲಸದ ಕ್ರಮವೇ ಕಾರಣ. ಮೊದಲು ಎತ್ತಿಟ್ಟು ಆಮೇಲೆ ಯೋಚಿಸುತ್ತೇವೆ. ಇಲ್ಲವೇ ಮೊದಲು ಒಗೆದು, ಆಮೇಲೆ ಅದು ಯಾವ ಬಟ್ಟೆ ಎಂದು ನೋಡುತ್ತೇವೆ. ಸರಿಯಾದ ಕ್ರಮ ಇದು: ಸೆಟ್ ಸೇರಿಸಿ, ತೊಡಿಸಿ ನೋಡಿ, ಬಟ್ಟೆ ಗುರುತಿಸಿ, ಎಲ್ಲಿಗೆ ಹೋಗಬೇಕೆಂದು ತೀರ್ಮಾನಿಸಿ, ಆಮೇಲೆ ಸ್ವಚ್ಛ ಮಾಡಿ. ತೀರ್ಮಾನ ಯಾಕೆ ಮೊದಲು? ಕತ್ತರಿಸಿ ಗೊಂಬೆ ಬಟ್ಟೆ ಮಾಡುವ ಡ್ರೆಸ್ಸಿಗೆ ಡ್ರೈಕ್ಲೀನ್ ಖರ್ಚು ಸುಮ್ನೆ ದಂಡ. ಬೇರೆ ಮಗು ವೇದಿಕೆಗೆ ಹಾಕುವ ಡ್ರೆಸ್ಸನ್ನು ಮನೆಯಲ್ಲಿ ಬಕೆಟ್ಟಿನಲ್ಲಿ ಅದ್ದಿದರೆ ಅದೂ ನಷ್ಟ.

ಕೈಗೆ ಸಿಗುವಂತೆ ಇಟ್ಟುಕೊಳ್ಳಬೇಕಾದ ಸಾಮಾನು

ಅಳತೆ ಟೇಪು, ನಾಲ್ಕೈದು ಬಿಳಿ ಹತ್ತಿ ಬಟ್ಟೆಯ ತುಂಡು, ಮೆತ್ತನೆಯ ಹಳೆಯ ಟೂತ್‌ಬ್ರಷ್, ಸೌಮ್ಯವಾದ ಲಿಕ್ವಿಡ್ ಸೋಪು, ಪಾತ್ರೆ ತೊಳೆಯುವ ಲಿಕ್ವಿಡ್, ಟಾಲ್ಕಂ ಪೌಡರ್ ಅಥವಾ ಕಾರ್ನ್‌ಫ್ಲೋರ್, ಸೂಜಿ ದಾರ, ಸೇಫ್ಟಿ ಪಿನ್, ಸಣ್ಣ ಜಿಪ್ ಕವರುಗಳು, ಗಟ್ಟಿ ಕಾಗದ, ಪೆನ್ಸಿಲ್. ಸುತ್ತಿಡಲು ಒಗೆದು ಒಣಗಿಸಿದ ಹಳೆಯ ಹತ್ತಿ ಸೀರೆ ಅಥವಾ ಬೆಡ್‌ಶೀಟ್ ಸಾಕು.

ಬ್ಲೀಚ್, ಬಟ್ಟೆ ಮೃದು ಮಾಡುವ ಕಂಡಿಷನರ್, ಸೂಪರ್ ಗ್ಲೂ ಈ ಮೂರನ್ನು ದೂರ ಇಡಿ. ಡ್ಯಾನ್ಸ್ ಡ್ರೆಸ್‌ಗಳಿಗೆ ಇವು ಮಾಡುವ ಹಾನಿಯೇ ಜಾಸ್ತಿ.

ಹಂತ 1: ಸೆಟ್ ಪೂರ್ತಿ ಒಂದೇ ಕಡೆ ಸೇರಿಸಿ

ಇದನ್ನು ಯಾರೂ ದೊಡ್ಡ ಕೆಲಸ ಎಂದುಕೊಳ್ಳುವುದಿಲ್ಲ. ಆದರೆ ಒಂದು ಭಾಗ ಕಳೆದುಹೋದ ಡ್ರೆಸ್ಸನ್ನು ಯಾರೂ ವೇದಿಕೆಗೆ ಬಳಸುವುದಿಲ್ಲ. ಅದರ ಬಟ್ಟೆ ಎಷ್ಟೇ ಚೆನ್ನಾಗಿರಲಿ, ಸೆಟ್ ಒಡೆದರೆ ಅರ್ಧ ಬೆಲೆಯೂ ಉಳಿಯುವುದಿಲ್ಲ.

ನೆಲದ ಮೇಲೆ ಬಿಳಿ ಬೆಡ್‌ಶೀಟ್ ಹಾಸಿ ಎಲ್ಲವನ್ನೂ ಹರಡಿ. ಭರತನಾಟ್ಯದ ಸೆಟ್ ಆದರೆ ರವಿಕೆ, ಪ್ಯಾಂಟು, ಮುಂದಿನ ನೆರಿಗೆ, ಹಿಂಭಾಗದ ತುಂಡು, ಮೇಲಿನ ಹೊದಿಕೆ ಇವೆಯಾ ನೋಡಿ. ಡಾಬು, ಜಡೆಯ ಕುಚ್ಚು, ಬೈತಲೆ ಬೊಟ್ಟು, ಗೆಜ್ಜೆ ಬೇರೆ ಸಾಲಿನಲ್ಲಿರಲಿ. ಗ್ರೂಪ್ ಡ್ಯಾನ್ಸಿನ ಡ್ರೆಸ್ ಆದರೆ ಕೈಪಟ್ಟಿ, ತಲೆಪಟ್ಟಿ, ಒಳಗಿನ ನೆಟ್ ಲಂಗ ಮರೆತುಹೋಗುವ ವಸ್ತುಗಳು. ಬ್ಯಾಲೆ ಡ್ರೆಸ್ಸಿನಲ್ಲಿ ಕಳಚಿಡುವ ತೋಳು ಮತ್ತು ಪಾರದರ್ಶಕ ಪಟ್ಟಿಗಳು ಕಾಣೆಯಾಗುವುದೇ ಹೆಚ್ಚು.

ಹೀಗೆ ಹರಡಿದ್ದಾಗಲೇ ಒಂದು ಫೋಟೊ ತೆಗೆಯಿರಿ. ಮುಂದಿನ ಎಲ್ಲ ಹಂತದಲ್ಲೂ ಅದನ್ನೇ ಪಟ್ಟಿಯಂತೆ ನೋಡಿಕೊಳ್ಳಬಹುದು. ಬಿದ್ದ ಚಮಕಿ, ಮಣಿ, ಹುಕ್ಕುಗಳನ್ನು ಸಣ್ಣ ಜಿಪ್ ಕವರಿಗೆ ಹಾಕಿ. ರಿಪೇರಿಗೆ ಅದೇ ಬಣ್ಣದ್ದು ಹೊರಗೆ ಸಿಗುವುದು ಕಷ್ಟ.

ಹಂತ 2: ನಿಜವಾಗಿ ಚಿಕ್ಕದಾಗಿದೆಯಾ ಎಂದು ತೊಡಿಸಿ ನೋಡಿ

ಕಣ್ಣಳತೆಯಲ್ಲಿ ತೀರ್ಮಾನಿಸಬೇಡಿ. ಪ್ರೌಢಾವಸ್ಥೆಗೆ ಮೊದಲಿನ ವರ್ಷಗಳಲ್ಲಿ ಮಕ್ಕಳು ವರ್ಷಕ್ಕೆ ಸುಮಾರು 5ರಿಂದ 6 ಸೆಂಟಿಮೀಟರ್ ಎತ್ತರ ಬೆಳೆಯುತ್ತಾರೆ. ಪ್ರೌಢಾವಸ್ಥೆಯಲ್ಲಿ ಇನ್ನೂ ವೇಗವಾಗಿ. ಹಾಗಾಗಿ ಮೊದಲು ಸಾಲದೆ ಬರುವುದು ಉದ್ದ. ಸುತ್ತಳತೆಯಲ್ಲಿ ಇನ್ನೂ ಜಾಗ ಇರಬಹುದು.

ಮಗುವಿಗೆ ತೊಡಿಸಿ ಮೂರು ಚಲನೆ ಮಾಡಿಸಿ. ಎರಡೂ ಕೈ ಮೇಲೆತ್ತಲಿ, ಮಂಡಿ ಮಡಿಸಿ ಅರ್ಧ ಕೂರಲಿ, ಸೊಂಟ ತಿರುಗಿಸಿ ಬಗ್ಗಲಿ. ಸುಮ್ನೆ ನಿಂತಾಗ ಸರಿಯಾಗಿ ಕಾಣುವ ಡ್ರೆಸ್ ಈ ಚಲನೆಗಳಲ್ಲಿ ನಿಜ ಹೇಳುತ್ತದೆ. ಕಂಕುಳಲ್ಲಿ ಹೊಲಿಗೆ ಎಳೆದು ಬೆಳಕು ಕಾಣುತ್ತಿದ್ದರೆ, ತೊಡೆ ಹತ್ತಿರ ಬಟ್ಟೆ ಬಿಗಿದರೆ, ಹುಕ್ಕುಗಳ ನಡುವೆ ಬಾಯಿ ಬಿಟ್ಟರೆ ಅಲ್ಲಿಗೇ ನಿಲ್ಲಿಸಿ. ಇನ್ನೊಂದು ಸಲ ಎಳೆದು ತೊಡಿಸಿದರೆ ಬಟ್ಟೆ ಸೀಳುತ್ತದೆ.

ಆಮೇಲೆ ಒಳಭಾಗ ತಿರುಗಿಸಿ ನೋಡಿ. ಮಕ್ಕಳ ಡ್ರೆಸ್ಸಿನ ಪಕ್ಕದ ಹೊಲಿಗೆಯಲ್ಲಿ ಟೈಲರ್‌ಗಳು ಸ್ವಲ್ಪ ಬಟ್ಟೆ ಬಿಟ್ಟಿರುವುದುಂಟು. ಎರಡೂ ಪಕ್ಕ ಎರಡೆರಡು ಸೆಂಟಿಮೀಟರ್ ಮಾರ್ಜಿನ್ ಇದ್ದರೆ ಒಂದು ಬದಿಗೆ ಎರಡು ಪದರ ಲೆಕ್ಕ ಹಾಕಿ, ಸುತ್ತಳತೆ ಹೆಚ್ಚುಕಡಿಮೆ 6 ಸೆಂಟಿಮೀಟರ್ ಹೆಚ್ಚಿಸಲು ಆಗುತ್ತದೆ. ಅಂಚಿನಲ್ಲಿ ಹೊಸ ಹೊಲಿಗೆ ಹಾಕಲು ತುಸು ಬಟ್ಟೆ ಉಳಿಯಲೇಬೇಕು. ಸಡಿಲ ಮಾಡಿಸುವ ಮೊದಲು ಒಳಗಿನ ಬಣ್ಣ ಮತ್ತು ಹೊರಗಿನ ಬಣ್ಣ ಹೋಲಿಸಿ. ಹೊರಗಡೆ ಮಾಸಿದ್ದರೆ ಬಿಚ್ಚಿದ ಜಾಗದಲ್ಲಿ ಗಾಢ ಪಟ್ಟೆ ಎದ್ದು ಕಾಣುತ್ತದೆ.

ಬೇರೆ ಮಗುವಿಗೆ ಕೊಡುವುದೇ ಆದರೆ ಮಾರ್ಜಿನ್ ಮುಟ್ಟಬೇಡಿ. ತಗೊಳ್ಳುವವರಿಗೆ ಅದೇ ಉಪಯೋಗಕ್ಕೆ ಬರುತ್ತದೆ.

ಹಂತ 3: ಬಟ್ಟೆ ಮತ್ತು ಅಲಂಕಾರ ಯಾವುದೆಂದು ಗುರುತಿಸಿ

ಒಂದೇ ಡ್ರೆಸ್ಸಿನಲ್ಲಿ ಮೂರ್ನಾಲ್ಕು ಬಗೆಯ ಬಟ್ಟೆ ಇರುತ್ತದೆ. ಎಲ್ಲಕ್ಕಿಂತ ನಾಜೂಕಿನ ಭಾಗ ಯಾವುದೋ ಅದಕ್ಕೆ ತಕ್ಕಂತೆ ಇಡೀ ಡ್ರೆಸ್ಸನ್ನು ನೋಡಿಕೊಳ್ಳಬೇಕು.

ರೇಷ್ಮೆಯೋ ಪಾಲಿಯೆಸ್ಟರೋ ಎಂದು ಅನುಮಾನ ಇದ್ದರೆ ಒಳಹೊಲಿಗೆಯ ಅಂಚಿನಿಂದ ಒಂದೆರಡು ಎಳೆ ಕಿತ್ತು, ಚಿಮುಟದಲ್ಲಿ ಹಿಡಿದು, ಸಿಂಕಿನ ಮೇಲೆ ಬೆಂಕಿ ತಾಗಿಸಿ. ಇದು ದೊಡ್ಡವರ ಕೆಲಸ, ಮಕ್ಕಳು ಹತ್ತಿರ ಇರಬಾರದು. ಕೂದಲು ಸುಟ್ಟ ವಾಸನೆ ಬಂದು, ಬೂದಿ ಬೆರಳಲ್ಲಿ ಪುಡಿಯಾದರೆ ರೇಷ್ಮೆ. ಕರಗಿ ಗಟ್ಟಿ ಮಣಿಯಾದರೆ ಪಾಲಿಯೆಸ್ಟರ್ ಅಥವಾ ನೈಲಾನ್. ಕಾಗದ ಸುಟ್ಟ ವಾಸನೆ ಬಂದರೆ ಹತ್ತಿ ಅಥವಾ ರೇಯಾನ್.

ಜರಿಯಲ್ಲೂ ವ್ಯತ್ಯಾಸ ಇದೆ. ಬೆಳ್ಳಿ ಅಥವಾ ತಾಮ್ರದ ತಂತಿಯ ಜರಿ ಬೆವರು, ತೇವ, ಸೆಂಟು ತಾಗಿದರೆ ಕಪ್ಪಾಗುತ್ತದೆ. ಪ್ಲಾಸ್ಟಿಕ್ ಜರಿ ಕಪ್ಪಾಗುವುದಿಲ್ಲ, ಆದರೆ ಬಿಸಿ ಇಸ್ತ್ರಿಗೆ ಸುರುಟಿಕೊಳ್ಳುತ್ತದೆ.

ಚಮಕಿ ಹೊಲಿದಿದ್ದಾರಾ, ಅಂಟಿಸಿದ್ದಾರಾ ಎಂದು ಹಿಂಬದಿ ನೋಡಿ. ಹಿಂದೆ ದಾರ ಕಂಡರೆ ಹೊಲಿದದ್ದು. ಗಟ್ಟಿಯಾದ, ಹೊಳೆಯುವ ಚುಕ್ಕೆ ಕಂಡರೆ ಅಂಟು. ಅಂಟಿಸಿದ ಕಲ್ಲುಗಳಿರುವ ಡ್ರೆಸ್ಸಿಗೆ ಬಿಸಿ ನೀರೂ ಆಗದು, ಎಷ್ಟೋ ಸಲ ಡ್ರೈಕ್ಲೀನ್ ದ್ರಾವಣವೂ ಆಗದು.

ಬ್ಯಾಟರಿ ದೀಪ ಇರುವ ಡ್ರೆಸ್ ಆದರೆ ಇಲ್ಲೇ ಬ್ಯಾಟರಿ ತೆಗೆದುಬಿಡಿ. ನಾಣ್ಯದಂಥ ಬಟನ್ ಬ್ಯಾಟರಿಯನ್ನು ಚಿಕ್ಕ ಮಗು ನುಂಗಿದರೆ ಎರಡೇ ಗಂಟೆಯಲ್ಲಿ ಅನ್ನನಾಳ ಸುಡುವಷ್ಟು ಅಪಾಯ. ನುಂಗಿದ ಅನುಮಾನ ಬಂದರೂ ಸಾಕು, ತಕ್ಷಣ ಆಸ್ಪತ್ರೆಗೆ ಓಡಬೇಕು.

ಹಂತ 4: ಎಲ್ಲಿಗೆ ಹೋಗಬೇಕೆಂದು ಈಗಲೇ ತೀರ್ಮಾನಿಸಿ

ಮಗುವನ್ನು ಕೂರಿಸಿಕೊಂಡು ತೀರ್ಮಾನಿಸಿ. ಅವರು ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಹಾಕಿಕೊಂಡ ಡ್ರೆಸ್ ಅದು. ಹೇಳದೆ ಕೊಟ್ಟರೆ ಮಕ್ಕಳಿಗೆ ನೋವಾಗುತ್ತದೆ, ಮುಂದಿನ ಸಲ ಯಾವುದನ್ನೂ ಬಿಡಲು ಒಪ್ಪುವುದಿಲ್ಲ. ಒಂದನ್ನು ಇಟ್ಟುಕೊಳ್ಳಲು ಬಿಡಿ, ಯಾವುದು ಎಂದು ಅವರೇ ಆರಿಸಲಿ.

ಉಳಿದವಕ್ಕೆ ಹೀಗೆ ನೋಡಬಹುದು. ಸೆಟ್ ಪೂರ್ತಿ ಇದ್ದು ಕಲೆ ಇಲ್ಲದಿದ್ದರೆ ವೇದಿಕೆಗೆ, ಅಂದರೆ ಬೇರೆ ಮಗುವಿಗೆ. ಚಿಕ್ಕ ಕಲೆ ಅಥವಾ ಒಂದು ಭಾಗ ಕಡಿಮೆ ಇದ್ದರೆ ಅಭ್ಯಾಸಕ್ಕೆ, ನಾಟಕಕ್ಕೆ, ವೇಷದ ಆಟದ ಪೆಟ್ಟಿಗೆಗೆ. ಬಟ್ಟೆಯೇ ಸೀಳುತ್ತಿದ್ದರೆ ಕತ್ತರಿಗೆ. ರೇಷ್ಮೆಯ ಮಡಿಕೆ ಬಿಡಿಸಿದಾಗ ಗೆರೆಯುದ್ದಕ್ಕೂ ಎಳೆ ಬಿಟ್ಟುಕೊಂಡಿದ್ದರೆ ಅದು ಮೂರನೆಯ ಗುಂಪೇ, ಎಷ್ಟು ಸುಂದರವಾಗಿದ್ದರೂ.

ಆಮೇಲೆ ನೋಡೋಣ ಎಂಬ ನಾಲ್ಕನೆಯ ಗುಂಪು ಮಾಡಬೇಡಿ. ಹಾಳಾಗುವ ಡ್ರೆಸ್ಸುಗಳೆಲ್ಲ ಆ ಗುಂಪಿನವೇ.

ಹಂತ 5: ಸ್ವಚ್ಛ ಮಾಡುವುದು

ಅತಿ ಹೆಚ್ಚು ಡ್ರೆಸ್ಸುಗಳು ಕೆಡುವುದು ಇಲ್ಲೇ. ನಿಧಾನವಾಗಿ ಮಾಡಿ.

*ಮೊದಲು ಗಾಳಿ.* ಒಳಭಾಗ ಹೊರಗೆ ಮಾಡಿ ನೆರಳಿನಲ್ಲಿ, ಫ್ಯಾನಿನ ಕೆಳಗೆ ಒಂದು ದಿನ ಬಿಡಿ. ಬಿಸಿಲು ಬೇಡ, ರೇಷ್ಮೆಯ ಬಣ್ಣ ಹಾರುತ್ತದೆ. ತುಂಬಾ ಚಮಕಿ ಇರುವ ಭಾರದ ಡ್ರೆಸ್ಸನ್ನು ನೇತು ಹಾಕಬೇಡಿ. ಅದರದೇ ತೂಕಕ್ಕೆ ಭುಜ ಜಗ್ಗುತ್ತದೆ. ಮಂಚದ ಮೇಲೆ ಹರಡಿ.

*ಆಮೇಲೆ ಮೇಕಪ್ ಕಲೆ.* ಕತ್ತಿನ ಪಟ್ಟಿಯ ಫೌಂಡೇಶನ್, ಲಿಪ್‌ಸ್ಟಿಕ್, ಕಾಡಿಗೆ ಎಲ್ಲವೂ ಎಣ್ಣೆಯ ಕಲೆಗಳು. ನೀರು ಹಾಕುವ ಮೊದಲೇ ಟಾಲ್ಕಂ ಪೌಡರ್ ಉದುರಿಸಿ ಕೆಲವು ಗಂಟೆ ಬಿಟ್ಟು, ಬ್ರಷ್ಷಿನಲ್ಲಿ ಮೆಲ್ಲಗೆ ಕೊಡವಿ. ಒಗೆಯಬಹುದಾದ ಬಟ್ಟೆಯಾದರೆ ಪಾತ್ರೆ ತೊಳೆಯುವ ಲಿಕ್ವಿಡ್‌ನ ಒಂದು ಹನಿ ಹಾಕಿ ಬೆರಳಿನಿಂದ ಒತ್ತಿ. ಉಜ್ಜಬೇಡಿ. ಸ್ಯಾಟಿನ್ ಉಜ್ಜಿದರೆ ಹೊಳಪು ಹೋಗಿ ಆ ಜಾಗ ಶಾಶ್ವತವಾಗಿ ಮಂಕಾಗುತ್ತದೆ.

*ಬಣ್ಣದ ಪರೀಕ್ಷೆ.* ಬಿಳಿ ಬಟ್ಟೆಯನ್ನು ಸೋಪಿನ ನೀರಿನಲ್ಲಿ ಅದ್ದಿ ಹಿಂಡಿ, ಒಳಹೊಲಿಗೆಯ ಮೇಲೆ ಒಂದು ನಿಮಿಷ ಒತ್ತಿ ಹಿಡಿಯಿರಿ. ಬಣ್ಣ ಹತ್ತಿದರೆ ಮನೆಯಲ್ಲಿ ಒಗೆಯಬಾರದು. ಕೆಂಪು, ನೀಲಿ, ಕಪ್ಪು ಅಂಚು ಬಿಳಿ ಅಥವಾ ತಿಳಿ ಬಣ್ಣಕ್ಕೆ ಹೊಲಿದಿದ್ದರೆ ಪ್ರತಿಯೊಂದು ಬಣ್ಣವನ್ನೂ ಬೇರೆ ಬೇರೆ ಪರೀಕ್ಷಿಸಿ.

*ಲೈಕ್ರಾದಂಥ ಹಿಗ್ಗುವ ಬಟ್ಟೆ.* ತಣ್ಣೀರು, ಸೌಮ್ಯ ಸೋಪು, ಕೈಯಲ್ಲಿ ಅದುಮಿ ತೊಳೆಯುವುದು, ಅಷ್ಟೇ. ಬಿಸಿ ನೀರು, ಬ್ಲೀಚ್, ಕಂಡಿಷನರ್ ಮೂರೂ ಹಿಗ್ಗುವ ಎಳೆಯನ್ನು ಕೆಡಿಸುತ್ತವೆ. ಹಿಂಡದೆ, ಟವೆಲ್‌ನಲ್ಲಿ ಸುತ್ತಿ ನೀರು ಒತ್ತಿ ತೆಗೆದು, ಚಪ್ಪಟೆಯಾಗಿ ಒಣಗಿಸಿ. ತೊಳೆಯುವ ಮೊದಲು ವೆಲ್ಕ್ರೋ ಮುಚ್ಚಿರಲಿ. ತೆರೆದ ವೆಲ್ಕ್ರೋ ಪಕ್ಕದ ನೆಟ್ಟನ್ನು ಹರಿದುಹಾಕುತ್ತದೆ.

*ರೇಷ್ಮೆ ಮತ್ತು ಲೋಹದ ಜರಿ.* ಡ್ರೈಕ್ಲೀನಿಗೇ ಕೊಡಿ. ಆದರೆ ಕೊಟ್ಟು ಬಂದರೆ ಸಾಲದು. ಬೆವರಿನ ಉಪ್ಪು ನೀರಿನಲ್ಲಿ ಕರಗುವಂಥದ್ದು, ಡ್ರೈಕ್ಲೀನ್ ದ್ರಾವಣದಲ್ಲಿ ಪೂರ್ತಿ ಹೋಗುವುದಿಲ್ಲ. ಉಳಿದ ಉಪ್ಪು ರೇಷ್ಮೆಯನ್ನು ಒಳಗೊಳಗೇ ದುರ್ಬಲ ಮಾಡುತ್ತದೆ, ಹಳದಿ ಕಲೆ ತಿಂಗಳುಗಳ ನಂತರ ಎದ್ದು ಬರುತ್ತದೆ. ಅದಕ್ಕೇ ಕಂಕುಳು, ಬೆನ್ನು, ಸೊಂಟದ ಜಾಗ ತೋರಿಸಿ, ಇಲ್ಲಿ ಬೆವರಿದೆ, ಇದಕ್ಕೆ ಬೇರೆ ಟ್ರೀಟ್‌ಮೆಂಟ್ ಬೇಕು ಎಂದು ಹೇಳಿ. ಅಂಟಿಸಿದ ಕಲ್ಲು ಇದ್ದರೆ ಅದನ್ನೂ ತೋರಿಸಿ, ಮೂಲೆಯಲ್ಲಿ ಮೊದಲು ಪರೀಕ್ಷಿಸಲು ಕೇಳಿಕೊಳ್ಳಿ. ಬರಿ ಚೀಟಿ ಬರೆಸಿ ಬರಬೇಡಿ.

*ಚಮಕಿ ಮತ್ತು ಅಂಟಿಸಿದ ಕಲ್ಲು.* ಅದ್ದದೆ, ಹಿಂಡಿದ ಒದ್ದೆ ಬಟ್ಟೆಯಿಂದ ಒಳಭಾಗವನ್ನು ಒರೆಸಿ. ಮೈಗೆ ತಾಗುವುದು ಒಳಭಾಗ ತಾನೆ? ಹೊರಗೆ ಧೂಳು ಕೊಡವಿದರೆ ಸಾಕು. ಇಸ್ತ್ರಿ ಮುಟ್ಟಿಸಲೇಬೇಡಿ, ಪ್ಲಾಸ್ಟಿಕ್ ಚಮಕಿ ಬಿಸಿಗೆ ಸುರುಟುತ್ತದೆ.

ಕೆಲಸದ ಮಧ್ಯೆ ಈ ಲಕ್ಷಣ ಕಂಡರೆ ತಕ್ಷಣ ನಿಲ್ಲಿಸಿ: ನೀರಿಗೆ ಬಣ್ಣ ಬಿಡುತ್ತಿದೆ, ಬಟ್ಟೆ ಮುದುಡುತ್ತಿದೆ, ಕಲ್ಲಿನ ಸುತ್ತ ಅಂಟು ಬೆಳ್ಳಗಾಗಿ ಜಿಗುಟಾಗುತ್ತಿದೆ, ಜರಿ ಒರೆಸಿದ ಬಿಳಿ ಬಟ್ಟೆಗೆ ಹಸಿರು ಹತ್ತುತ್ತಿದೆ. ಹಸಿರು ಎಂದರೆ ಒಳಗಿನ ತಾಮ್ರ ಕಿಲುಬು ಹಿಡಿದಿದೆ. ಉಜ್ಜಿದಷ್ಟೂ ಉಳಿದ ಮೆರುಗೂ ಹೋಗುತ್ತದೆ. ಹುಣಸೆಹಣ್ಣು, ನಿಂಬೆ, ಪಾತ್ರೆ ಉಜ್ಜುವ ಪೌಡರ್ ಇವೆಲ್ಲ ಹಿತ್ತಾಳೆ ಪಾತ್ರೆಗೆ ಸರಿ, ಜರಿಗೆ ಅಲ್ಲ.

ವಾಸನೆ ಹೋಗಲಿಲ್ಲ ಎಂದು ಸೆಂಟು ಹೊಡೆಯಬೇಡಿ. ಅದು ರೇಷ್ಮೆಗೆ ಕಲೆ, ಜರಿಗೆ ಕಪ್ಪು. ಇನ್ನೊಂದು ದಿನ ಗಾಳಿಗೆ ಬಿಡಿ.

ಕೊನೆಗೆ ಒಣಗಿದೆ ಅನ್ನಿಸಿದ ಮೇಲೂ ಒಂದು ದಿನ ಕಾಯಿರಿ. ಹೊರಗಿನ ಬಟ್ಟೆ ಬೇಗ ಒಣಗುತ್ತದೆ, ಲೈನಿಂಗ್, ಕಪ್, ದಪ್ಪ ಹೊಲಿಗೆಗಳು ಒಳಗೆ ತೇವ ಹಿಡಿದಿರುತ್ತವೆ. ಬೂಷ್ಟು ಹುಟ್ಟುವುದು ಅಲ್ಲಿಂದ.

ಹಂತ 6: ರಿಪೇರಿ, ಅಗತ್ಯ ಇದ್ದಷ್ಟು ಮಾತ್ರ

ಸಡಿಲವಾದ ಇಲಾಸ್ಟಿಕ್ ಬದಲಿಸಿ, ಹುಕ್ಕು ಗಟ್ಟಿ ಮಾಡಿ, ಬಿಚ್ಚಿದ ಹೊಲಿಗೆ ಹಾಕಿ. ಮೆಷಿನ್ನಿನಲ್ಲಿ ಸಾಲಾಗಿ ಹೊಲಿದ ಚಮಕಿಯ ದಾರ ಒಂದು ತುದಿಯಲ್ಲಿ ಸಡಿಲವಾದರೆ ಎಳೆದಂತೆಲ್ಲ ಇಡೀ ಸಾಲು ಬಿಚ್ಚಿಹೋಗುತ್ತದೆ. ಆ ತುದಿ ಕತ್ತರಿಸದೆ ಸೂಜಿಗೆ ಪೋಣಿಸಿ ಒಳಗೆಳೆದು ಗಂಟು ಹಾಕಿ.

ಸೂಪರ್ ಗ್ಲೂ ಯಾಕೆ ಬೇಡ ಎಂದರೆ ಅದು ಒಣಗಿ ಗಾಜಿನಂತೆ ಗಟ್ಟಿಯಾಗಿ ಮಗುವಿನ ಚರ್ಮಕ್ಕೆ ಚುಚ್ಚುತ್ತದೆ. ಹತ್ತಿ ಬಟ್ಟೆಗೆ ತಾಗಿದರೆ ಕೈ ಸುಡುವಷ್ಟು ಬಿಸಿಯೂ ಆಗಬಹುದು. ಬಟ್ಟೆಗೆಂದೇ ಇರುವ ಅಂಟು ಬಳಸಿ, ಇಲ್ಲವೇ ಹೊಲಿಯಿರಿ.

ಹಂತ 7: ಅಳತೆ ಚೀಟಿ ಮತ್ತು ಫೋಟೊ

ಎಂಟು ವರ್ಷದ ಮಗುವಿನ ಡ್ರೆಸ್ ಎಂದು ಬರೆದರೆ ಉಪಯೋಗ ಇಲ್ಲ. ಎಂಟು ವರ್ಷದ ಎಲ್ಲ ಮಕ್ಕಳೂ ಒಂದೇ ಅಳತೆಯವರಲ್ಲ ಅಲ್ವಾ? ಡ್ರೆಸ್ಸನ್ನು ಚಪ್ಪಟೆಯಾಗಿ ಹಾಸಿ ಎದೆ, ಸೊಂಟ, ತೋಳಿನ ಸುತ್ತು, ಭುಜದಿಂದ ಸೊಂಟ, ಸೊಂಟದಿಂದ ಪಾದದ ಗಂಟು ಇಷ್ಟನ್ನೂ ಅಳೆಯಿರಿ. ಚಪ್ಪಟೆ ಅಗಲವನ್ನು ಎರಡರಿಂದ ಗುಣಿಸಿದರೆ ಸುತ್ತಳತೆ. ಹಿಗ್ಗುವ ಬಟ್ಟೆಗೆ ಎಳೆಯದಾಗಿನ ಅಳತೆ, ಎಳೆದಾಗಿನ ಅಳತೆ ಎರಡೂ ಬರೆಯಿರಿ. ಒಳಗೆ ಎಷ್ಟು ಮಾರ್ಜಿನ್ ಇದೆ ಎಂದೂ ಬರೆಯಿರಿ. ತಗೊಳ್ಳುವವರು ಮೊದಲು ಕೇಳುವುದೇ ಅದನ್ನು.

ಚೀಟಿಯಲ್ಲಿ ಭಾಗಗಳ ಪಟ್ಟಿ, ಹೇಗೆ ಸ್ವಚ್ಛ ಮಾಡಬೇಕು, ಯಾವ ದೋಷ ಇದೆ ಇವೂ ಇರಲಿ. ಪೆನ್ಸಿಲ್‌ನಲ್ಲಿ ಬರೆಯಿರಿ, ಶಾಯಿ ತೇವಕ್ಕೆ ಬಟ್ಟೆಗೆ ಹತ್ತುತ್ತದೆ.

ಫೋಟೊ ಹಗಲು ಬೆಳಕಿನಲ್ಲಿ, ಸಾದಾ ಬೆಡ್‌ಶೀಟ್ ಮೇಲೆ. ಮುಂದೆ, ಹಿಂದೆ, ಒಳಗೆ, ದೋಷ ಇರುವ ಜಾಗ ಹತ್ತಿರದಿಂದ. ಮಗು ಡ್ರೆಸ್ ಹಾಕಿಕೊಂಡ ಫೋಟೊವನ್ನು ಅಪರಿಚಿತರಿಗೆ ಕಳಿಸಬೇಡಿ. ಹೆಸರಿನ ಪಟ್ಟಿ, ಶಾಲೆಯ ಗುರುತು ಇದ್ದರೆ ಬಿಚ್ಚಿ.

ಹಂತ 8: ಕೈದಾಟಿಸುವುದು

ಮೊದಲು ಕೇಳಬೇಕಾದ್ದು ಡ್ಯಾನ್ಸ್ ಕಲಿಸುವವರನ್ನು. ಚಿಕ್ಕ ಬ್ಯಾಚಿನ ಯಾರಿಗೆ ಯಾವ ಅಳತೆ ಬೇಕು ಎಂದು ಅವರಿಗೆ ಗೊತ್ತಿರುತ್ತದೆ. ಕಾರ್ಯಕ್ರಮಕ್ಕೆ ಎರಡು ಮೂರು ತಿಂಗಳ ಮೊದಲು ಕೇಳಿ. ಹಿಂದಿನ ವಾರ ಕೇಳಿದರೆ ಎಲ್ಲರೂ ಹೊಲಿಸಿ ಆಗಿರುತ್ತದೆ.

ಗ್ರೂಪ್ ಡ್ಯಾನ್ಸಿನ ಡ್ರೆಸ್ ಆದರೆ ಒಬ್ಬೊಬ್ಬರೇ ಮಾರಲು ಹೋಗಬೇಡಿ. ಒಂದೇ ಬಣ್ಣದ ಒಂದು ಡ್ರೆಸ್ಸಿಗೆ ಗಿರಾಕಿ ಸಿಗುವುದು ಕಷ್ಟ. ಅದೇ ಬಣ್ಣದ ಎಂಟು ಸೆಟ್ ಒಟ್ಟಿಗೆ ಇದ್ದರೆ ಒಂದು ತಂಡ ಪೂರ್ತಿ ತಗೊಳ್ಳುತ್ತದೆ. ಕಾರ್ಯಕ್ರಮ ಮುಗಿದ ವಾರದಲ್ಲೇ ಉಳಿದ ಪೋಷಕರ ಜೊತೆ ಮಾತಾಡಿ. ಡ್ರೆಸ್ ಬಾಡಿಗೆಗೆ ಕೊಡುವ ಅಂಗಡಿಯವರೂ ಹೀಗೆ ಒಟ್ಟಾಗಿ ಬಂದದ್ದನ್ನೇ ಇಷ್ಟಪಡುತ್ತಾರೆ.

ದಾನ ಕೊಡುವುದಾದರೆ ಮೊದಲು ಕೇಳಿ, ಆಮೇಲೆ ಒಯ್ಯಿರಿ. ಸಂತ್ರಸ್ತರಿಗೆ ಬಟ್ಟೆ ಸಂಗ್ರಹಿಸುವ ಕಡೆ ದಿನಬಳಕೆಯ ಬಟ್ಟೆ ಬೇಕಿರುತ್ತದೆ. ಚಮಕಿ ಡ್ರೆಸ್ ಅಲ್ಲಿ ಅವರಿಗೆ ಹೊರೆ. ಮಕ್ಕಳ ನಾಟಕ ತಂಡ, ಶಾಲೆಯ ಸಾಂಸ್ಕೃತಿಕ ವಿಭಾಗ, ಮಕ್ಕಳ ಮನೆಗಳಲ್ಲಿ ಕೇಳಿ ನೋಡಿ.

ಒಳಉಡುಪು, ಕಾಲಿಗೆ ಅಂಟಿಕೊಳ್ಳುವ ಬಿಗಿ ಸ್ಟಾಕಿಂಗ್ಸ್, ಮೇಕಪ್ ಸಾಮಾನು ಸೆಟ್ ಜೊತೆ ಕೊಡಬೇಡಿ. ಚವರಿ ಕೊಡುವುದಾದರೆ ಎರಡು ವಾರ ಗಾಳಿಯಾಡದ ಕವರಿನಲ್ಲಿ ಕಟ್ಟಿಟ್ಟು ಆಮೇಲೆ ಕೊಡಿ. ಹೇನು ತಲೆ ಬಿಟ್ಟು ಎರಡು ದಿನಕ್ಕಿಂತ ಜಾಸ್ತಿ ಬದುಕುವುದಿಲ್ಲ, ಎರಡು ವಾರದಲ್ಲಿ ಮೊಟ್ಟೆಯಿಂದ ಬಂದವೂ ಸಾಯುತ್ತವೆ.

ಚಿಕ್ಕ ಮಕ್ಕಳ ವೇಷದ ಆಟಕ್ಕೆ ಕೊಡುವಾಗ ಕುತ್ತಿಗೆಯ ದಾರ, ಲಾಡಿ ಬಿಚ್ಚಿ. ಎಳೆದುಕೊಂಡರೆ ಉಸಿರು ಕಟ್ಟುತ್ತದೆ. ಮೂರು ವರ್ಷದೊಳಗಿನ ಮಕ್ಕಳಿರುವ ಮನೆಗೆ ಮಣಿ, ಗೆಜ್ಜೆಯ ಗುಂಡು ಉದುರುವ ಡ್ರೆಸ್ ಬೇಡ. ನೆಟ್ ಬಟ್ಟೆ ಬೆಂಕಿಗೆ ಬೇಗ ಹೊತ್ತಿಕೊಳ್ಳುತ್ತದೆ, ಅದನ್ನು ಹಾಕಿಕೊಂಡು ದೀಪ, ಮೇಣದಬತ್ತಿ ಹತ್ತಿರ ಹೋಗಬಾರದು ಎಂದು ತಗೊಳ್ಳುವವರಿಗೆ ಬಾಯಿಬಿಟ್ಟು ಹೇಳಿ.

ಹಂತ 9: ಇಟ್ಟುಕೊಳ್ಳುವ ಒಂದನ್ನು ಹೀಗೆ ಇಡಿ

ಆಭರಣ, ಗೆಜ್ಜೆ, ಡಾಬು ಬೇರೆ ಇಡಿ. ಲೋಹ ಬಟ್ಟೆಗೆ ತಾಗಿದ ಕಡೆ ಕಲೆ ಕೂರುತ್ತದೆ. ಡ್ರೆಸ್ಸನ್ನು ಹತ್ತಿ ಬಟ್ಟೆಯಲ್ಲಿ ಸುತ್ತಿ, ಜರಿ ಜರಿಗೆ ತಾಗದಂತೆ ಮಧ್ಯೆ ಹತ್ತಿ ಬಟ್ಟೆ ಇಟ್ಟು ಸಡಿಲವಾಗಿ ಮಡಿಸಿ. ಪ್ಲಾಸ್ಟಿಕ್ ಕವರು ತೇವ ಹಿಡಿದಿಡುತ್ತದೆ, ಬೇಡ. ರಬ್ಬರ್ ಬ್ಯಾಂಡ್ ಹಾಕಬೇಡಿ, ಅದರ ಗಂಧಕ ಬೆಳ್ಳಿ ಜರಿಯನ್ನು ಕಪ್ಪು ಮಾಡುತ್ತದೆ. ನುಸಿಗುಳಿಗೆ ಜರಿಗೂ ಒಳ್ಳೆಯದಲ್ಲ, ಮಕ್ಕಳು ಬಾಯಿಗೆ ಹಾಕಿಕೊಂಡರೆ ವಿಷ. ಸ್ವಚ್ಛ ಮಾಡಿ ಪೂರ್ತಿ ಒಣಗಿಸಿ ಇಟ್ಟರೆ ಹುಳ ಬರುವುದು ಕಡಿಮೆ. ಅವು ಹುಡುಕಿಕೊಂಡು ಬರುವುದು ಬೆವರು ಹತ್ತಿದ ರೇಷ್ಮೆಯನ್ನು.

ಮೂರು ನಾಲ್ಕು ತಿಂಗಳಿಗೊಮ್ಮೆ ಬಿಚ್ಚಿ, ಗಾಳಿಗೆ ಹಿಡಿದು, ಬೇರೆ ಗೆರೆಯಲ್ಲಿ ಮಡಿಸಿ. ಒಂದೇ ಮಡಿಕೆಯಲ್ಲಿ ವರ್ಷಗಟ್ಟಲೆ ಇದ್ದರೆ ರೇಷ್ಮೆ ಅಲ್ಲೇ ಬಿರುಕು ಬಿಡುತ್ತದೆ.

ಹಂತ 10: ಕತ್ತರಿಗೆ ಹೋಗುವ ಡ್ರೆಸ್

ಕತ್ತರಿ ಹಾಕುವ ಮೊದಲು ಹೊಲಿಗೆ ಬಿಚ್ಚಿ. ನೆರಿಗೆಯ ಒಳಮಡಿಕೆಯಲ್ಲಿ ಬೆವರು ತಾಗದ, ಬಣ್ಣ ಮಾಸದ ಬಟ್ಟೆ ಧಾರಾಳವಾಗಿ ಸಿಗುತ್ತದೆ. ಕಂಕುಳು, ಸೊಂಟದ ಬಟ್ಟೆ ಬಿಟ್ಟುಬಿಡಿ, ಅದು ಬಾಳಿಕೆ ಬರುವುದಿಲ್ಲ. ಜರಿ ಅಂಚಿನಿಂದ ಚೀಲ, ಗೆಜ್ಜೆ ಇಡುವ ಸಂಚಿ, ಬಟ್ಟೆ ಗೊಂಬೆಗಳ ಉಡುಪು ಚೆನ್ನಾಗಿ ಬರುತ್ತವೆ. ಹಿಗ್ಗುವ ಬಟ್ಟೆಯನ್ನೂ ರೇಷ್ಮೆಯನ್ನೂ ಒಂದೇ ಕೌದಿಗೆ ಸೇರಿಸಬೇಡಿ, ಒಂದು ಎಳೆಯುತ್ತದೆ, ಇನ್ನೊಂದು ಹರಿಯುತ್ತದೆ.

ಚಮಕಿ ಬಟ್ಟೆ ಕತ್ತರಿಸುವಾಗ ಕತ್ತರಿ ಸಾಗುವ ಗೆರೆಯ ಚಮಕಿಗಳನ್ನು ಮೊದಲೇ ಕಿತ್ತುಬಿಡಿ. ಇಲ್ಲದಿದ್ದರೆ ಚೂರುಗಳು ಸಿಡಿದು ಕಣ್ಣಿಗೆ ಬೀಳುತ್ತವೆ, ಕನ್ನಡಕ ಹಾಕಿಕೊಂಡಿರಿ. ಹುಕ್ಕು, ಜಿಪ್, ಒಳ್ಳೆಯ ಚಮಕಿ ಎತ್ತಿಟ್ಟರೆ ಮುಂದಿನ ಡ್ರೆಸ್ಸಿನ ರಿಪೇರಿಗೆ ಆಗುತ್ತವೆ. ಪ್ಲಾಸ್ಟಿಕ್ ಚಮಕಿ ಹೊಲಿದ ಮಿಶ್ರ ಬಟ್ಟೆಯನ್ನು ಮರುಬಳಕೆಗೆ ತಗೊಳ್ಳುವವರು ಕಡಿಮೆ. ಆದ್ದರಿಂದ ಚಮಕಿ ಬಿಡಿಸಿದ ಸಾದಾ ಹತ್ತಿ ಲೈನಿಂಗನ್ನು ಬೇರೆ ಮಾಡಿ ಒರೆಸುವ ಬಟ್ಟೆಯಾಗಿ ಬಳಸಿ. ನೆಲಕ್ಕೆ ಬಿದ್ದ ಚೂರುಗಳನ್ನು ನೀರು ಹೊಯ್ದು ಬಚ್ಚಲಿಗೆ ಬಿಡಬೇಡಿ. ಒಣದಾಗಿಯೇ ಗುಡಿಸಿ, ಕಾಗದದಲ್ಲಿ ಕಟ್ಟಿ, ಒಣಕಸಕ್ಕೆ ಹಾಕಿ.